ಗಿಡದ ಮಾತು: ಸಾಸಿವೆ ಮನೆತನದ ಒಂದೇ ಊರಿನ ಹೂವು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಹೂವಿನ ಬೆನ್ನು ಹತ್ತಿವೆ. ತಪ್ಪು ನನ್ನದೇ. ಮಗಳ ಬಾಣಂತನಕ್ಕೆ ಅಂತ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೋಗಿದ್ದಾಗ ಅಲ್ಲಿನ ಗುಡ್ಡದಲ್ಲಿ ಕಂಡ ಒಂದು ಗಿಡದ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕೇ ಸಾಲು ಬರೆದು ಕೈತೊಳೆದುಕೊಂಡಿದ್ದೆ. ಸಾಸಿವೆಯ ನೆಂಟ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಅದಕ್ಕೆ ಕಾರಣ ಅಲ್ಲಿನ ಕಲ್ಲು ಅಂತ ಮಾತ್ರ ಹೇಳಿದ್ದೆ. ಅಷ್ಟು ಹೇಳಿ ಸುಮ್ಮನಾದರೆ ಓದುಗರು ಬಿಡುತ್ತಾರಾ? ಗುಲಾಬಿ ಕಸಿ, ದಾಸವಾಳದ ಹಿಟ್ಟು ತಿಗಣೆ ಇವೆಲ್ಲ ಮುಂದಿನ ತಿಂಗಳಿಗೆ ಇರಲಿ.

ಪ್ರಶ್ನೆ: ಮೇಡಂ, ಮಗ ಭಾನುವಾರ ಮೆಟ್‌ಕಾಫ್ ರಸ್ತೆ ಕಡೆ ಕರೆದುಕೊಂಡು ಹೋಗಿದ್ದ. ಹಸಿರು ಬಣ್ಣದ ಕಲ್ಲಿನ ಇಳಿಜಾರಿನಲ್ಲಿ ಮೊಣಕಾಲೆತ್ತರದ ಒಂದು ಗಿಡ ಕಂಡೆ. ಹೂವು ಪುಟ್ಟ ಹೂಜಿಯ ಹಾಗಿತ್ತು. ಬಾಯಲ್ಲಿ ಸುಕ್ಕುಗಟ್ಟಿದ ಬಿಳಿ ಎಸಳು. ನೀವು ಬರೆದದ್ದು ಇದೇನಾ? ಸಾಸಿವೆ ಹೂವಿಗೂ ಇದಕ್ಕೂ ಏನೇನೂ ಹೋಲಿಕೆ ಕಾಣಲಿಲ್ಲವಲ್ಲ!
(ಚಿತ್ರದುರ್ಗದ ಓದುಗರು, ಈಗ ಸ್ಯಾನ್ ಹೋಸೆಯಲ್ಲಿ ಮಗನ ಮನೆಯಲ್ಲಿದ್ದಾರೆ)

ಉತ್ತರ: ಅದೇ ತಾಯಿ, ಅದೇ. ನಿಮ್ಮ ಕಣ್ಣು ನನ್ನದಕ್ಕಿಂತ ಚುರುಕು. ನಾನು ಮೊದಲ ಸಲ ಅದರ ಪಕ್ಕದಲ್ಲೇ ನಡೆದು ಹೋಗಿದ್ದೆ. ಗೊತ್ತೇ ಆಗಿರಲಿಲ್ಲ.

ಇಂಗ್ಲಿಷಿನಲ್ಲಿ ಅದಕ್ಕೆ ಮೆಟ್‌ಕಾಫ್ ಕ್ಯಾನ್ಯನ್ ಜ್ಯುವೆಲ್‌ಫ್ಲವರ್ ಅನ್ನುತ್ತಾರೆ. ಶಾಸ್ತ್ರದ ಹೆಸರು ಉದ್ದ: ಸ್ಟ್ರೆಪ್ಟ್ಯಾಂಥಸ್ ಗ್ಲ್ಯಾಂಡ್ಯುಲೋಸಸ್, ಅದರಲ್ಲಿ ಆಲ್ಬಿಡಸ್ ಎಂಬ ಒಳಜಾತಿ. ಸ್ಟ್ರೆಪ್ಟ್ಯಾಂಥಸ್ ಎಂದರೆ ಗ್ರೀಕಿನಲ್ಲಿ ತಿರುಚಿದ ಹೂವು. ನೀವು ಕಂಡ ಸುಕ್ಕುಗಟ್ಟಿದ ಎಸಳಿಗೇ ಆ ಹೆಸರು. ಆಲ್ಬಿಡಸ್ ಎಂದರೆ ಬೆಳ್ಳಗಿನದು. 1887ರಲ್ಲಿ ಎಡ್ವರ್ಡ್ ಲೀ ಗ್ರೀನ್ ಎಂಬ ಸಸ್ಯಶಾಸ್ತ್ರಜ್ಞ ಅದಕ್ಕೆ ಹೆಸರಿಟ್ಟ. ಸ್ಯಾನ್ ಹೋಸೆಯಿಂದ ತೆಂಕಣಕ್ಕೆ ಆ್ಯಂಡರ್ಸನ್ ಕೆರೆಯವರೆಗೆ, ಇಪ್ಪತ್ತು ಮೈಲಿಯೂ ಇಲ್ಲದ ಗುಡ್ಡಸಾಲು. ಅದರ ಲೋಕ ಅಷ್ಟೇ. ನಮ್ಮ ಲೆಕ್ಕದಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಒಂದು ಕಪ್ ಚಹಾ ಕುಡಿಯುವಷ್ಟು ದೂರ.

ಸಾಸಿವೆ ಜಾತಿ ಹೇಗೆ ಅಂದಿರಿ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಈ ಕುಟುಂಬವನ್ನು ಪಾಠ ಮಾಡಿದ್ದೇನೆ. ಹೂವು ಕಿತ್ತು, ಸೂಜಿಯಲ್ಲಿ ಬಿಡಿಸಿ, ಬಿಳಿ ಕಾಗದದ ಮೇಲೆ ಹರಡಿ ತೋರಿಸುವುದು. ಅಭ್ಯಾಸಬಲ ನೋಡಿ, ಅಲ್ಲೂ ಕೈ ತಾನಾಗಿ ಹೋಯಿತು. ಮಗಳು ಮಣಿಕಟ್ಟು ಹಿಡಿದುಕೊಂಡಳು. "ಅವ್ವಾ, ಇದು ಅಳಿವಿನಂಚಿನ ಪಟ್ಟಿಯಲ್ಲಿದೆ." ಎಪ್ಪತ್ತರ ಹತ್ತಿರದ ನನಗೆ ಮೂವತ್ತರ ಮಗಳಿಂದ ಪಾಠ. ನಾಚಿಕೆ ಆಯಿತು. ಚೀಲದಿಂದ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ತೆಗೆದು, ಸೀರೆ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ ಕೂತೆ. ಬೆನ್ನಿಗೆ ಬಿಸಿಲು, ಮೊಣಕಾಲಿಗೆ ಜಲ್ಲಿ.

ಹೂಜಿಯ ಹೊಟ್ಟೆ ಎಂದು ನೀವು ಕಂಡದ್ದು ಹೂವಿನ ಹೊರಗಿನ ನಾಲ್ಕು ಎಸಳು. ನಮ್ಮ ಸಾಸಿವೆಯಲ್ಲಿ ಅವು ತೆಳ್ಳಗೆ, ಹಳದಿ ಹೂವಿನ ಕೆಳಗೆ ಅಡಗಿರುತ್ತವೆ. ಇಲ್ಲಿ ಅವೇ ಉಬ್ಬಿ ಹೂಜಿಯಾಗಿವೆ, ಬಿಳಿಗೆ ತುಸು ಹಸಿರು ಸವರಿದ ಬಣ್ಣ. ಒಳಗಿನ ನಾಲ್ಕು ಎಸಳು ಬಾಯಿಂದ ಇಣುಕುತ್ತವೆ. ಇಸ್ತ್ರಿ ಕಾಣದ ಮಲ್ ಬಟ್ಟೆಯ ತುದಿಯ ಹಾಗೆ ಸುಕ್ಕು, ಅದರ ಮೇಲೆ ನೇರಳೆ ಗೆರೆ. ನಾಲ್ಕು ಹೊರಗೆ, ನಾಲ್ಕು ಒಳಗೆ. ಕೇಸರ ಆರು. ಸಾಸಿವೆಯಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ ಇರುತ್ತವೆ. ಇಲ್ಲಿ ಜೋಡಿ ಜೋಡಿಯಾಗಿ ಮೂರು ಅಳತೆ. ಕೆಳಗೆ ಆಗಲೇ ಕಾಯಿ ಕಟ್ಟಿತ್ತು. ಸಣ್ಣಗೆ, ಉದ್ದಕ್ಕೆ, ಥೇಟ್ ಸಾಸಿವೆ ಕಾಯಿ. ಎಲೆಯ ಬುಡ ಎರಡು ಕಿವಿಯಾಗಿ ಕಾಂಡವನ್ನು ತಬ್ಬಿಕೊಂಡಿತ್ತು. ಮುಖ ನೋಡಿದರೆ ಗುರುತು ಸಿಗಲ್ಲ, ಕೈಬೆರಳು ನೋಡಿದರೆ ಮನೆತನ ಗೊತ್ತಾಗುತ್ತದೆ ಅನ್ನುತ್ತಾರಲ್ಲ, ಹಾಗೆ.

ಈ ಮನೆತನ ದೊಡ್ಡದು. ಸುಮಾರು 4,000 ಜಾತಿಗಳಿವೆ. ಮೂಲಂಗಿ, ಎಲೆಕೋಸು, ಹೂಕೋಸು, ನವಿಲುಕೋಸು ಎಲ್ಲ ಇದರವೇ. ನಾನು ಮಗಳಿಗೆಂದು ಹುರಿದು ಉಂಡಿ ಕಟ್ಟಿಕೊಂಡು ಹೋಗಿದ್ದ ಅಳ್ವಿಯೂ ಇದೇ ಕುಟುಂಬ. ವಿಮಾನ ನಿಲ್ದಾಣದಲ್ಲಿ ಡಬ್ಬಿ ತೆಗೆಸಿ ಇದೇನು ಅಂದರು. ಬಾಣಂತಿ ಆಹಾರ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಲು ನಾನು ಪಟ್ಟ ಪಾಡು ಬೇರೆಯೇ ಕಥೆ.

ಪ್ರಶ್ನೆ: ಹೋದ ಸಂಚಿಕೆಯಲ್ಲಿ "ಫೆಬ್ರವರಿಯಲ್ಲಿ ಇಲ್ಲಿನ ಗುಡ್ಡಗಳೆಲ್ಲ ಹಳದಿ ಸಾಸಿವೆ ಹೂವಿನಿಂದ ತುಂಬುತ್ತವೆ, ಅದು ಈ ನೆಲದ ಕಾಡುಹೂ" ಎಂದು ಬರೆದಿದ್ದೀರಿ. ಅದು ಇಲ್ಲಿಯದಲ್ಲ, ಹೊರಗಿನಿಂದ ಬಂದ ಕಳೆ ಎಂದು ನನ್ನ ಮಗಳ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಯಾರನ್ನು ನಂಬಲಿ?
(ಫ್ರೀಮಾಂಟ್‌ನ ಓದುಗರು)

ಉತ್ತರ: ಶಾಲೆಯನ್ನು ನಂಬಿ. ನಾನು ಬರೆದದ್ದು ತಪ್ಪು.

ಆ ಹಳದಿ ಸಾಸಿವೆ ಸಮುದ್ರದಾಚೆಯಿಂದ ಬಂದದ್ದು. ಸ್ಪೇನಿನ ಪಾದ್ರಿಗಳು ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವಾಗ ದಾರಿ ಗುರುತಿಗೆ ಚೆಲ್ಲುತ್ತಾ ಹೋದರು ಎಂದು ಅಲ್ಲಿ ಒಂದು ಕಥೆಯನ್ನೇ ಹೇಳುತ್ತಾರೆ. ಹೇಗೆ ಬಂದರೂ ಬಂದದ್ದು ಈಗ ಮನೆ ಯಜಮಾನನ ಹಾಗೆ ಕೂತಿದೆ. ಆಳೆತ್ತರ ಬೆಳೆದು ಬೇಸಿಗೆಗೆ ಒಣಗಿ ಕಡ್ಡಿಯಾಗುತ್ತದೆ. ಬೆಂಕಿಗೆ ಅದು ಸಿದ್ಧ ಸೌದೆ. ನಮ್ಮವರು ಅದರ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವುದು ನೋಡಿದ್ದೇನೆ. ಸರಿ, ನಾನೂ ತೆಗೆಸಿಕೊಂಡಿದ್ದೇನೆ. ಒಂದೇ ಕುಟುಂಬದ ಇಬ್ಬರು: ಒಬ್ಬ ಹೋದ ಕಡೆಯೆಲ್ಲ ಬೇರು ಬಿಡುತ್ತಾನೆ, ಇನ್ನೊಬ್ಬ ಹುಟ್ಟಿದ ಗುಡ್ಡ ಬಿಟ್ಟು ಕದಲುವುದಿಲ್ಲ. ಯಾವ ಮನೆಯಲ್ಲಿ ಇಲ್ಲ ಹೇಳಿ.

ಪ್ರಶ್ನೆ: ಒಂದೇ ಗುಡ್ಡಸಾಲಿಗೆ ಆ ಗಿಡ ಅಂಟಿಕೊಳ್ಳಲು ಕಾರಣ ಅಲ್ಲಿನ ಕಲ್ಲು ಎಂದಿದ್ದೀರಿ. ನಾನು ಭೂವಿಜ್ಞಾನ ಓದಿದವನು. ಅದು ಸರ್ಪೆಂಟಿನೈಟ್ ಆಗಿದ್ದರೆ ಆ ಬಗೆಯ ಕಲ್ಲು ನಮ್ಮ ನುಗ್ಗೇಹಳ್ಳಿ ಪಟ್ಟಿಯಲ್ಲೂ ಇದೆ. ಹಾಗಾದರೆ ನಮ್ಮಲ್ಲಿ ಯಾಕೆ ಆ ಹೂವಿಲ್ಲ?
(ಹಾಸನದ ಓದುಗರು)

ಉತ್ತರ: ಒಳ್ಳೆಯ ಪ್ರಶ್ನೆ. ನುಗ್ಗೇಹಳ್ಳಿಗೆ ಹೊಯ್ಸಳರ ಲಕ್ಷ್ಮೀನರಸಿಂಹನನ್ನು ನೋಡಲು ಎರಡು ಸಲ ಹೋಗಿದ್ದೇನೆ, ಕಾಲಡಿಯ ಕಲ್ಲು ನೋಡಲಿಲ್ಲ. ಹೌದು, ಅಲ್ಲಿನ ಬೈರಾಪುರದ ಕ್ರೋಮೈಟ್ ಗಣಿ ಇರುವುದು ಇದೇ ವಂಶದ ಕಲ್ಲಿನಲ್ಲಿ.

ಉಳಿದ ಓದುಗರಿಗೆ ಎರಡು ಮಾತು. ಸರ್ಪೆಂಟಿನೈಟ್ ಎಂದರೆ ಹಾವಿನ ಕಲ್ಲು. ಹಸಿರು ಮಿರುಗು, ಮುಟ್ಟಿದರೆ ಸಾಬೂನಿನ ಹಾಗೆ ನುಣುಪು. ಭೂಮಿಯ ಆಳದ ಕಲ್ಲು ನೀರು ಕುಡಿದು ಹೀಗಾಗುತ್ತದೆ. ಕ್ಯಾಲಿಫೋರ್ನಿಯಾದವರು 1965ರಲ್ಲಿ ಅದನ್ನು ರಾಜ್ಯದ ಕಲ್ಲು ಎಂದು ಘೋಷಿಸಿಕೊಂಡಿದ್ದಾರೆ. ನಮಗೆ ನೀಲಕಂಠ ಪಕ್ಷಿ ಇದ್ದ ಹಾಗೆ ಅವರಿಗೆ ಒಂದು ಕಲ್ಲು.

ಆದರೆ ಗಿಡದ ಪಾಲಿಗೆ ಆ ಮಣ್ಣು ಅತ್ತೆಮನೆ. ಬೇಕಾದದ್ದು ಇಲ್ಲ, ಬೇಡದ್ದು ರಾಶಿ. ಸುಣ್ಣದ ಅಂಶ ಕಡಿಮೆ, ಮೆಗ್ನೀಸಿಯಂ ವಿಪರೀತ. ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಕೊರತೆ. ಜೊತೆಗೆ ನಿಕ್ಕಲ್, ಕ್ರೋಮಿಯಂ ಎಂಬ ವಿಷ. ಮಣ್ಣಿನ ಪದರವೂ ತೆಳು, ನೀರು ನಿಲ್ಲಲ್ಲ. ಅಂಥಲ್ಲಿ ಹುಲ್ಲು ಕೂಡ ಬಡಕಲಾಗಿ ಬೆಳೆಯುತ್ತದೆ. ಬೇರೆಯವರು ಬೇಡ ಅಂದ ಜಾಗದಲ್ಲಿ ಈ ಹೂವು ಬದುಕು ಕಟ್ಟಿಕೊಂಡಿದೆ. ಬಲಶಾಲಿ ಅಂತಲ್ಲ, ಕಡಿಮೆಯಲ್ಲಿ ಸಂಸಾರ ತೂಗಿಸುವುದು ಗೊತ್ತು. ಒಳ್ಳೆಯ ಗೊಬ್ಬರದ ಮಣ್ಣಿನಲ್ಲಿ ಅದಕ್ಕೆ ತೊಂದರೆ ಇರುವುದು ಮಣ್ಣಿಂದಲ್ಲ, ಅಲ್ಲಿ ದಷ್ಟಪುಷ್ಟವಾಗಿ ಬೆಳೆಯುವ ಅಕ್ಕಪಕ್ಕದವರಿಂದ.

ಇದರ ಮೇಲೆ ಆರ್ಥರ್ ಕ್ರುಕೆಬರ್ಗ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ತುಂಬ ಕೆಲಸ ಮಾಡಿದರು. ನಮ್ಮ ಬಿಳಿ ಒಳಜಾತಿ ಒಂದೇ ಗುಡ್ಡಸಾಲಿನದಾದರೂ, ಗ್ಲ್ಯಾಂಡ್ಯುಲೋಸಸ್ ಜಾತಿಯ ಉಳಿದ ಗಿಡಗಳು ಬೇರೆ ಕಡೆ ಹಾವಿನ ಕಲ್ಲಿನ ಮೇಲೂ ಇವೆ, ಸಾದಾ ಮಣ್ಣಿನಲ್ಲೂ ಇವೆ. ಸಾದಾ ಮಣ್ಣಿನ ಗಿಡದ ಬೀಜವನ್ನು ಹಾವಿನ ಕಲ್ಲಿನ ಮಣ್ಣಿಗೆ ಹಾಕಿದರು, ಏಳಲಿಲ್ಲ. ಹೊರಗೆ ಒಂದೇ ಜಾತಿ, ಒಳಗೆ ಬೇರೆ ಬೇರೆ ತಾಳಿಕೆ. ಇನ್ನೂ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಬೇರೆ ಬೇರೆ ಗುಡ್ಡದ ಗಿಡಗಳನ್ನು ತಂದು ಪರಾಗ ಕೂಡಿಸಿದರು. ಗುಡ್ಡಗಳು ದೂರವಾದಷ್ಟೂ ಹುಟ್ಟಿದ ಮಿಶ್ರ ಗಿಡಗಳ ಸಂತಾನಶಕ್ತಿ ಕಡಿಮೆಯಾಗುತ್ತಾ ಹೋಯಿತು. ಒಂದೊಂದು ಗುಡ್ಡವೂ ಒಂದೊಂದು ದ್ವೀಪ. ಮಧ್ಯದ ಸಾದಾ ಮಣ್ಣು ಅದಕ್ಕೆ ಸಮುದ್ರ.

ಈಗ ನುಗ್ಗೇಹಳ್ಳಿ. ಕಲ್ಲು ಒಂದೇ ಆದರೆ ಸಾಲದು. ಆ ಹೂವಿಗೆ ಚಳಿಗಾಲದ ಮಳೆ ಬೇಕು. ನವೆಂಬರ್ ಹೊತ್ತಿಗೆ ಮಳೆ ಬಿದ್ದಾಗ ಮೊಳಕೆ, ಏಪ್ರಿಲ್‌ನಿಂದ ಹೂವು, ಬೇಸಿಗೆಗೆ ಕಾಯಿ ಒಡೆದು ಗಿಡ ಸಾಯುತ್ತದೆ. ಒಂದೇ ವರ್ಷದ ಬಾಳು. ನಮ್ಮಲ್ಲಿ ಬೀಜ ಒಣಗಿ ಮಲಗಬೇಕಾದ ಜೂನ್‌ನಲ್ಲಿ ಮುಂಗಾರು ಬಂದು ಎಬ್ಬಿಸುತ್ತದೆ. ಅದೂ ಅಲ್ಲದೆ ಅದರ ಅಜ್ಜ ಮುತ್ತಜ್ಜಂದಿರೆಲ್ಲ ಉತ್ತರ ಅಮೆರಿಕದವರು. ಬೈರಾಪುರದ ಕಲ್ಲು ಬಾ ಅಂದರೂ ದಾರಿ ಎಲ್ಲಿದೆ?

ಪ್ರಶ್ನೆ: ಮೇಡಂ, ನಾನು ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಯೋಟಿ ರಿಜ್ ಎಂಬ ರಕ್ಷಿತ ಗುಡ್ಡಕ್ಕೆ ಹೋಗಿದ್ದೆವು. ಹೂವು ಕೀಳಬೇಡಿ, ದಾರಿ ಬಿಟ್ಟು ಕಾಲಿಡಬೇಡಿ ಎನ್ನುತ್ತಾರೆ. ಆದರೆ ದನಗಳು ಗುಡ್ಡದ ತುಂಬ ಮೇಯುತ್ತಿವೆ! ಮನುಷ್ಯರಿಗೊಂದು ನ್ಯಾಯ, ದನಕ್ಕೊಂದು ನ್ಯಾಯವೇ?
(ಸ್ಯಾನ್ ಹೋಸೆಯ ಓದುಗರು, ಊರು ಮಂಡ್ಯ)

ಉತ್ತರ: ನಗು ಬಂತು. ನಾನೂ ಮಗಳಿಗೆ ಇದೇ ಕೇಳಿದ್ದೆ. ಉತ್ತರ ಕೇಳಿದ ಮೇಲೆ ಅಳಿಯನ ಕಾರಿನಲ್ಲಿ ಕೂರಲು ಸ್ವಲ್ಪ ಮುಜುಗರ ಆಯಿತು.

ದನ ಅಲ್ಲಿ ಕೂಲಿಗೆ ಬಂದಿದೆ ಅಂದುಕೊಳ್ಳಿ. ಆ ಗುಡ್ಡದ ಕೆಳಗೇ 101 ಹೆದ್ದಾರಿ. ಬೆಳಿಗ್ಗೆ ಸಂಜೆ ಕಾರುಗಳು ಇರುವೆ ಸಾಲಿನ ಹಾಗೆ. ನೀವೂ ಅದರಲ್ಲಿ ಒಬ್ಬರು ಅನಿಸುತ್ತದೆ. ಕಾರಿನ ಹೊಗೆಯಲ್ಲಿ ಸಾರಜನಕದ ಆಕ್ಸೈಡ್ ಇರುತ್ತದೆ. ಜೊತೆಗೆ ಹೊಗೆ ಶುದ್ಧಿ ಮಾಡಲೆಂದು ಕಾರಿನೊಳಗೆ ಇಟ್ಟ ಕನ್ವರ್ಟರ್ ಇದೆಯಲ್ಲ, ಅದರಿಂದ ಒಂದಿಷ್ಟು ಅಮೋನಿಯಾ ಬರುತ್ತದೆ. ಇದೆಲ್ಲ ಗಾಳಿಯಲ್ಲಿ ಹೋಗಿ ಗುಡ್ಡದ ಮೇಲೆ ಇಳಿಯುತ್ತದೆ. ಸ್ಟುವರ್ಟ್ ವೈಸ್ ಎಂಬ ಸಂಶೋಧಕರು 1999ರಲ್ಲಿ ಇದನ್ನು ಬರೆದರು. ಸ್ಯಾನ್ ಹೋಸೆಯ ದಕ್ಷಿಣದ ಗುಡ್ಡಗಳಿಗೆ ವರ್ಷಕ್ಕೆ ಹೆಕ್ಟೇರಿಗೆ 10ರಿಂದ 15 ಕೆ.ಜಿ. ಸಾರಜನಕ ಹೀಗೆ ಬೀಳುತ್ತದೆ ಎಂದು ಅವರ ಅಂದಾಜು.

ಮಂಡ್ಯದವರಿಗೆ ಇದರ ಅರ್ಥ ಹೇಳಬೇಕಿಲ್ಲ, ಆದರೂ ಲೆಕ್ಕ ಹಾಕೋಣ. ನಮ್ಮ 45 ಕೆ.ಜಿ. ಯೂರಿಯಾ ಚೀಲದಲ್ಲಿ ಸಾರಜನಕ 20 ಕೆ.ಜಿ. ಚಿಲ್ಲರೆ. ಅಂದರೆ ಪ್ರತಿ ಹೆಕ್ಟೇರಿಗೆ, ಪ್ರತಿ ವರ್ಷ, ಅರ್ಧದಿಂದ ಮುಕ್ಕಾಲು ಚೀಲ ಯೂರಿಯಾವನ್ನು ಯಾರೋ ಪುಕ್ಕಟೆಯಾಗಿ ಎರಚಿ ಹೋದ ಹಾಗೆ. ಕಬ್ಬಿನ ಗದ್ದೆಗೆ ಇದು ಮೂಗಿಗೂ ಸಾಲದು. ಆದರೆ ಸಾವಿರಾರು ವರ್ಷ ಉಪವಾಸ ಮಾಡಿ ರೂಢಿಯಾದ ಗುಡ್ಡಕ್ಕೆ ಅದು ಹಬ್ಬದೂಟ. ಊಟಕ್ಕೆ ಮೊದಲು ಬಂದು ಕೂರುವುದು ಹೊರಗಿನ ಹುಲ್ಲು. ಇಟಾಲಿಯನ್ ರೈಗ್ರಾಸ್ ಎಂಬುದು ದಟ್ಟವಾಗಿ ಬೆಳೆದು, ಒಣಗಿ, ಚಾಪೆಯ ಹಾಗೆ ಹಾಸಿಕೊಳ್ಳುತ್ತದೆ. ಕೆಳಗಿನ ಪುಟ್ಟ ಗಿಡಕ್ಕೆ ಬಿಸಿಲೇ ಇಲ್ಲ. ವಿಷ ತಿಂದು ಬದುಕಿದ್ದ ಗಿಡ, ಅಕ್ಕಪಕ್ಕದವರ ಹೊಟ್ಟೆ ತುಂಬಿದ್ದಕ್ಕೆ ಸಾಯುತ್ತದೆ.

ದನ ಆ ಹುಲ್ಲನ್ನು ತಿಂದು ಜಾಗ ಬಿಡಿಸಿಕೊಡುತ್ತದೆ. ವೈಸ್ ನೋಡಿದ್ದು ಮುಖ್ಯವಾಗಿ ಬೇ ಚೆಕರ್‌ಸ್ಪಾಟ್ ಎಂಬ ಚಿಟ್ಟೆಯನ್ನು. ಅದೂ ಅದೇ ಗುಡ್ಡದ ನಿವಾಸಿ, 1987ರಿಂದ ರಕ್ಷಿತ ಪಟ್ಟಿಯಲ್ಲಿದೆ. ಒಳ್ಳೆಯ ಮನಸ್ಸಿನಿಂದ ದನ ಹೊರಗೆ ಹಾಕಿದ ಕಡೆ ಹುಲ್ಲು ನುಗ್ಗಿತು, ಚಿಟ್ಟೆ ಹೋಯಿತು. ದನ ಉಳಿದ ಕಡೆ ಚಿಟ್ಟೆಯೂ ಉಳಿಯಿತು. ಹಾಗಂತ ದನಕ್ಕೆ ಹೂವು ಯಾವುದು, ಹುಲ್ಲು ಯಾವುದು ಎಂದು ಯಾರೂ ಪಾಠ ಮಾಡಿಲ್ಲ. ಬಾಯಿಗೆ ಸಿಕ್ಕರೆ ನಮ್ಮ ಹೂಜಿಯನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಎಷ್ಟು ದನ, ಯಾವ ತಿಂಗಳು ಎಂಬ ಲೆಕ್ಕಾಚಾರ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. 2013ರಿಂದ ಸಾಂತಾ ಕ್ಲಾರಾ ಕಣಿವೆಯಲ್ಲಿ ಒಂದು ಆವಾಸ ರಕ್ಷಣಾ ಯೋಜನೆ ಜಾರಿಯಲ್ಲಿದೆ. ಅದರಲ್ಲಿ ಹೊಸ ಮನೆ, ಕಚೇರಿ ಕಟ್ಟುವವರು ದಿನಕ್ಕೆ ಎಷ್ಟು ಗಾಡಿ ಓಡಾಟ ಜಾಸ್ತಿಯಾಗುತ್ತದೋ ಅದರ ಮೇಲೆ ಸಾರಜನಕ ಶುಲ್ಕ ಕಟ್ಟಬೇಕು. ಆ ದುಡ್ಡು ಇಂಥ ಗುಡ್ಡಗಳ ಆರೈಕೆಗೆ. ನೀವು ಅಲ್ಲಿ ಹೊಸ ಮನೆ ಕೊಂಡಿದ್ದರೆ ಈ ಹೂವಿಗೆ ಆಗಲೇ ಒಂದಿಷ್ಟು ಕಾಣಿಕೆ ಹಾಕಿರಬಹುದು, ರಸೀದಿ ಮಾತ್ರ ಬೇರೆಯವರ ಹೆಸರಲ್ಲಿ.

ಪ್ರಶ್ನೆ: ಟೀಚರ್, ಜ್ಯುವೆಲ್‌ಫ್ಲವರ್ ಗಿಡಗಳು ಎಲೆಯ ಮೇಲೆ ಸುಳ್ಳು ಮೊಟ್ಟೆ ಇಡುತ್ತವೆ ಅಂತ ನನ್ನ ಅಣ್ಣ ಹೇಳಿದ. ಗಿಡ ಮೊಟ್ಟೆ ಇಡುತ್ತದಾ? ಅವನು ನನ್ನನ್ನು ಯಾವಾಗಲೂ ಆಟ ಆಡಿಸುತ್ತಾನೆ.
(ಒಂಬತ್ತನೇ ತರಗತಿ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಈ ಸಲ ಅಣ್ಣ ಆಟ ಆಡಿಸಿಲ್ಲ ತಮ್ಮಾ. ಮೆಟ್‌ಕಾಫ್ ಹೂವಿನ ದೊಡ್ಡಪ್ಪನ ಮಗ ಒಬ್ಬನಿದ್ದಾನೆ, ಸ್ಟ್ರೆಪ್ಟ್ಯಾಂಥಸ್ ಬ್ರೂವರಿ ಅಂತ. ಅವನೂ ಹಾವಿನ ಕಲ್ಲಿನವನೇ. ಅವನ ಮೇಲಿನ ಎಲೆಗಳ ಅಂಚಿನಲ್ಲಿ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಗಂಟು ಇರುತ್ತವೆ. ನೋಡಿದರೆ ಚಿಟ್ಟೆ ಮೊಟ್ಟೆ ಅಂಟಿಸಿದ ಹಾಗೆ.

ಒಂದು ಬಿಳಿ ಚಿಟ್ಟೆ ಈ ಗಿಡದ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆ ಸ್ವಲ್ಪ ಹೊತ್ತಿಗೆ ಕಿತ್ತಳೆ ಕೆಂಪಿಗೆ ತಿರುಗುತ್ತದೆ. ಗಿಡ ಬಡಕಲು, ಒಂದು ಹುಳುವಿಗೇ ಊಟ ಸಾಲದು, ಇನ್ನು ಎರಡು ಎಲ್ಲಿಂದ? ಅದಕ್ಕೆ ತಾಯಿ ಚಿಟ್ಟೆ ಬಸ್ಸಿನ ಸೀಟು ನೋಡುವ ಹಾಗೆ ನೋಡುತ್ತದೆ. ಟವೆಲ್ ಹಾಕಿದ್ದಾರೆ, ಅಂದರೆ ಬೇರೆಯವರು ಕಾದಿರಿಸಿದ್ದಾರೆ ಎಂದು ಮುಂದೆ ಹೋಗುತ್ತದೆ. ಈ ಗಿಡ ತಾನೇ ಟವೆಲ್ ಹಾಸಿಕೊಂಡು ಕೂತಿದೆ, ಅಷ್ಟೇ!

ಡೇವಿಸ್ ವಿಶ್ವವಿದ್ಯಾಲಯದ ಆರ್ಥರ್ ಶಪೀರೋ ಅವರು 1981ರಲ್ಲಿ ಇದರ ಪರೀಕ್ಷೆಯನ್ನು ಪ್ರಕಟಿಸಿದರು. ಕೆಲವು ಗಿಡಗಳ ಕಿತ್ತಳೆ ಗಂಟುಗಳನ್ನು ತೆಗೆದುಹಾಕಿದರು, ಕೆಲವನ್ನು ಹಾಗೇ ಬಿಟ್ಟರು. ಗಂಟು ಕಳೆದುಕೊಂಡ ಗಿಡಗಳ ಮೇಲೆ ಮೊಟ್ಟೆ ಜಾಸ್ತಿ ಬಿದ್ದವು. ಅಣ್ಣನಿಗೆ ಇದನ್ನು ಹೇಳು. ಅವನಿಗೆ ವರ್ಷ ಗೊತ್ತಿರಲಿಕ್ಕಿಲ್ಲ.

ಅದೇ ಮನೆತನದಲ್ಲಿ ಇನ್ನೊಬ್ಬ ಇದ್ದಾನೆ. ಸಿಯೆರಾ ನೆವಾಡಾ ಬೆಟ್ಟದ ತಪ್ಪಲಿನವನು, ಹೆಸರು ಪಾಲಿಗಲಾಯ್ಡಿಸ್. ಅವನು ಮಣ್ಣಿನ ನಿಕ್ಕಲನ್ನು ಹೀರಿ ಮೈಯಲ್ಲೇ ತುಂಬಿಕೊಳ್ಳುತ್ತಾನೆ. ಒಂದು ಕೆ.ಜಿ. ಒಣ ಗಿಡದಲ್ಲಿ ಒಂದು ಗ್ರಾಂಗಿಂತ ಹೆಚ್ಚು. ತಿಂದ ಹುಳುವಿಗೆ ಅದು ವಿಷ. ಈ ಗಿಡ ಬೆಳೆದು, ಸುಟ್ಟು, ಬೂದಿಯಿಂದ ನಿಕ್ಕಲ್ ತೆಗೆಯಬಹುದೇ ಎಂದು 1990ರ ದಶಕದಲ್ಲಿ ಪ್ರಯತ್ನವೂ ನಡೆಯಿತು. ಗಣಿ ಅಗೆಯುವ ಬದಲು ಗದ್ದೆ ಕೊಯ್ಯುವುದು!

ಪ್ರಶ್ನೆ: ಅಕ್ಕಾ, ಸಾಸಿವೆ ಕುಟುಂಬ ಅಂದಿರಲ್ಲ, ನನ್ನದೊಂದು ಅಡುಗೆಮನೆ ಪ್ರಶ್ನೆ. ಒಗ್ಗರಣೆ ಸಾಸಿವೆ ಖಾರ ಇರಲ್ಲ. ಅದೇ ಸಾಸಿವೆ ಉಪ್ಪಿನಕಾಯಿಗೆ ಪುಡಿ ಮಾಡಿ ಹಾಕಿದರೆ ಮೂಗಿಗೆ ಹೊಡೆಯುತ್ತದೆ. ಯಾಕೆ?
(ಸಾಗರದ ಓದುಗರು)

ಉತ್ತರ: ಸಾಗರದವರು, ಹಾಗಲಕಾಯಿ ಸಾಸಿವೆ ಮಾಡುವವರು, ನನ್ನನ್ನು ಕೇಳುತ್ತೀರಾ! ಹಸಿ ಸಾಸಿವೆಯನ್ನು ತೆಂಗಿನಕಾಯಿ ಜೊತೆ ರುಬ್ಬುವಾಗ ಕಣ್ಣಲ್ಲಿ ನೀರು ಬರುತ್ತದಲ್ಲ, ಗುಟ್ಟು ಅಲ್ಲೇ ಇದೆ.

ಸಾಸಿವೆ ಕಾಳಿನೊಳಗೆ ಎರಡು ಸಾಮಾನು ಬೇರೆ ಬೇರೆ ಕೋಣೆಯಲ್ಲಿ ಇಟ್ಟಿರುತ್ತವೆ. ಒಂದು ಗಂಧಕ ಇರುವ ಸಪ್ಪೆ ವಸ್ತು, ಗ್ಲೂಕೋಸಿನೊಲೇಟ್. ಇನ್ನೊಂದು ಮೈರೋಸಿನೇಸ್ ಎಂಬ ಕಿಣ್ವ. ಇಡಿ ಕಾಳಿನಲ್ಲಿ ಇವೆರಡು ಭೇಟಿಯಾಗುವುದಿಲ್ಲ. ಜಜ್ಜಿದಾಗ, ನೀರು ಸೇರಿದಾಗ ಗೋಡೆ ಒಡೆಯುತ್ತದೆ, ಎರಡೂ ಕೂಡುತ್ತವೆ, ಘಾಟು ಹುಟ್ಟುತ್ತದೆ. ಬೇಕಾದರೆ ನೋಡಿ, ಒಣ ಸಾಸಿವೆ ಪುಡಿಯನ್ನು ಮೂಸಿದರೆ ಅಷ್ಟೇನೂ ಇರಲ್ಲ. ಒಂದು ಚಮಚ ನೀರು ಹಾಕಿ ಕಲಸಿ ಐದು ನಿಮಿಷ ಬಿಟ್ಟು ಮೂಸಿ. ಆಮೇಲೆ ನನ್ನನ್ನು ಬಯ್ಯಬೇಡಿ.

ಒಗ್ಗರಣೆಯಲ್ಲಿ ಆಗುವುದು ಬೇರೆ. ಕಾದ ಎಣ್ಣೆಗೆ ಬಿದ್ದ ಕೂಡಲೇ ಆ ಕಿಣ್ವ ಸತ್ತು ಹೋಗುತ್ತದೆ. ಆಮೇಲೆ ಕಾಳು ಎಷ್ಟೇ ಚಟಪಟ ಅಂದರೂ ಘಾಟು ಹುಟ್ಟಿಸಲು ಯಾರೂ ಉಳಿದಿರುವುದಿಲ್ಲ. ಹುರಿದ ಪರಿಮಳ ಮಾತ್ರ.

ಗಿಡ ಇದನ್ನು ಕಟ್ಟಿಕೊಂಡದ್ದು ನಮ್ಮ ಉಪ್ಪಿನಕಾಯಿಗಲ್ಲ, ಕಚ್ಚುವ ಹುಳುವಿಗೆ. ಕಚ್ಚಿದ ಬಾಯಲ್ಲೇ ಸಿಡಿಯುವ ಪಟಾಕಿ. ಆದರೂ ಕೆಲವು ಚಿಟ್ಟೆ ಪತಂಗಗಳು ಆ ಘಾಟಿಗೇ ಒಗ್ಗಿಕೊಂಡು, ಅದರ ಜಾಡು ಹಿಡಿದೇ ಮೊಟ್ಟೆ ಇಡಲು ಬರುತ್ತವೆ. ಮುಂದಿನ ಪ್ರಶ್ನೆಯವರಿಗೆ ಇದು ಚೆನ್ನಾಗಿ ಗೊತ್ತು.

ಪ್ರಶ್ನೆ: ಎಲೆಕೋಸಿನ ಹೊಲದಲ್ಲಿ ಸಾಸಿವೆ ಸಾಲು ಹಾಕಿ ಎನ್ನುತ್ತಾರೆ. ಹುಳುವನ್ನು ನಾವೇ ಕರೆದ ಹಾಗೆ ಆಗಲ್ವಾ?
(ಮಾಲೂರಿನ ರೈತ ಓದುಗರು)

ಉತ್ತರ: ಕರೆಯುವುದೇ ಉದ್ದೇಶ, ಆದರೆ ಪಕ್ಕದ ಮನೆಗೆ. ಕೋಸು ತಿನ್ನುವ ಹುಳುವಿನ ತಾಯಿ ವಜ್ರ ಬೆನ್ನಿನ ಪತಂಗ. ಅದಕ್ಕೆ ಎಲೆಕೋಸಿಗಿಂತ ಸಾಸಿವೆ ಮೇಲೆ ಆಸೆ ಜಾಸ್ತಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ಕ್ರಮ ಇದು: ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಎರಡನ್ನೂ ಒಂದೇ ದಿನ ಬಿತ್ತಬೇಡಿ. ಒಂದು ಸಾಲು ಸಾಸಿವೆ ಕೋಸು ನಾಟಿಗೆ ಹದಿನೈದು ದಿನ ಮೊದಲು, ಇನ್ನೊಂದು ನಾಟಿಯಾಗಿ 25 ದಿನಕ್ಕೆ. ಮೊದಲನೆಯದು ಒಣಗುವ ಹೊತ್ತಿಗೆ ಎರಡನೆಯದು ಹಸಿರಾಗಿರಬೇಕು. ಸಾಸಿವೆ ಮೇಲೆ ಕೂತ ಹುಳುವನ್ನು ಅಲ್ಲೇ ಮುಗಿಸಬೇಕು. ಅದೊಂದು ಮರೆತರೆ ನೀವು ಹೆದರಿದ್ದೇ ನಿಜವಾಗುತ್ತದೆ.

ಪ್ರಶ್ನೆ: ಮಗಳು ಜೂನ್‌ನಲ್ಲಿ ಅಲ್ಲಿಂದ ಬರುತ್ತಾಳೆ. ಆ ಹೂವಿನ ನಾಲ್ಕು ಬೀಜ ತರಿಸಿ ತಾರಸಿ ಮೇಲೆ ಹಾಕಬಹುದಾ?
(ದಾವಣಗೆರೆಯ ಓದುಗರು)

ಉತ್ತರ: ಬೇಡ. 1995ರ ಫೆಬ್ರವರಿಯಿಂದ ಅದು ಅಮೆರಿಕದ ಅಳಿವಿನಂಚಿನ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ಇಲ್ಲಿ ಇಳಿದ ಮೇಲೆ ನಮ್ಮ ಕ್ವಾರಂಟೈನ್ ನಿಯಮ ಬೇರೆ. ಮಗಳನ್ನು ಈ ರಗಳೆಗೆ ಸಿಕ್ಕಿಸಬೇಡಿ. ತಾರಸಿಗೆ ಒಂದು ಹಿಡಿ ಅಡುಗೆಮನೆ ಸಾಸಿವೆಯನ್ನೇ ಚೆಲ್ಲಿ. ಅಕ್ಟೋಬರ್‌ನಲ್ಲಿ ಹಾಕಿದರೆ ಒಂದೂವರೆ ತಿಂಗಳಿಗೆ ಹೂವು. ಎಳೆ ಸೊಪ್ಪು ಪಲ್ಯಕ್ಕೂ ಆಯಿತು.

ಪ್ರಶ್ನೆ: ನಾವು ಮುಂದಿನ ವರ್ಷ ಹೋಗುತ್ತಿದ್ದೇವೆ. ನೋಡಲು ಯಾವ ತಿಂಗಳು ಒಳ್ಳೆಯದು? ನಡೆಯುವುದು ಕಷ್ಟವಾ?
(ಮೈಸೂರಿನ ದಂಪತಿ)

ಉತ್ತರ: ಏಪ್ರಿಲ್ ಕೊನೆ, ಮೇ. ಮಾರ್ಚ್‌ನಲ್ಲಿ ಹೋದರೆ ಗುಡ್ಡ ಹಳದಿ, ಕಿತ್ತಳೆ ಹೂವಿನಿಂದ ಜಗಮಗ ಅನ್ನುತ್ತದೆ. ಎಲ್ಲರೂ ಆಗಲೇ ಹೋಗುತ್ತಾರೆ. ನಮ್ಮ ಹೂವು ಆ ಜಾತ್ರೆ ಮುಗಿದು, ಹುಲ್ಲು ಒಣಗಲು ಶುರುವಾದ ಮೇಲೆ ಅರಳುತ್ತದೆ. ಕಯೋಟಿ ರಿಜ್ 2023ರಿಂದ ಜನರಿಗೆ ತೆರೆದಿದೆ. ಹೋಗುವ ಮೊದಲು ಯಾವ ದಾರಿ ತೆರೆದಿದೆ ಎಂದು ವಿಚಾರಿಸಿಕೊಳ್ಳಿ. ಏರು ಇದೆ, ನೆರಳು ಇಲ್ಲವೇ ಇಲ್ಲ. ನೀರು, ಟೋಪಿ, ಹಿಡಿತ ಇರುವ ಶೂ. ನಾನು ಚಪ್ಪಲಿಯಲ್ಲಿ ಹೋಗಿ ಇಳಿಯುವಾಗ ಎರಡು ಸಲ ಕೂತೇಬಿಟ್ಟೆ. ಹಾವಿನ ಕಲ್ಲು ಎಂದು ಸುಮ್ನೆ ಹೆಸರಿಟ್ಟಿಲ್ಲ, ಜಾರುತ್ತದೆ. ಗಿಲಕಿ ಹಾವು ನಿಜವಾಗಿಯೂ ಇದೆ, ದಾರಿ ಬಿಟ್ಟು ಇಳಿಯದಿರಲು ಅದೂ ಒಂದು ಕಾರಣ. ಬಿಳಿಯದು ಸಿಗದಿದ್ದರೆ ಬೇಸರ ಬೇಡ. ಅದರ ತಂಗಿ ತಿಳಿನೇರಳೆ ಬಣ್ಣದವಳು ಆ ಸುತ್ತಿನ ಗುಡ್ಡಗಳಲ್ಲಿ ಹೆಚ್ಚು ಸಿಗುತ್ತಾಳೆ. ಅವಳಿಗೆ ಇಂಗ್ಲಿಷಿನಲ್ಲಿ 'ಅತಿ ಸುಂದರ ಜ್ಯುವೆಲ್‌ಫ್ಲವರ್' ಎಂದೇ ಹೆಸರು. ಅಕ್ಕನ ಎದುರು ಹೀಗೆ ಹೆಸರಿಡುವುದು ನನಗೇನೋ ಸರಿ ಕಾಣಲಿಲ್ಲ.

ಪ್ರಶ್ನೆ: ಇಷ್ಟೆಲ್ಲ ಹೇಳುವ ನೀವು ಅದಕ್ಕೊಂದು ಕನ್ನಡ ಹೆಸರು ಕೊಡಬಾರದೇ?
(ಗದಗಿನ ಓದುಗರು)

ಉತ್ತರ: ನಮ್ಮ ನೆಲದ್ದಲ್ಲದ ಗಿಡಕ್ಕೆ ಹೆಸರಿಡುವ ಹಕ್ಕು ನಮಗೆಲ್ಲಿದೆ ಎಂದು ಮೊದಲು ಹಿಂಜರಿದೆ. ಆಮೇಲೆ, ಆ ಗುಡ್ಡದ ಬುಡದಲ್ಲಿ ಬೆಳಗಾದರೆ ಇಷ್ಟೊಂದು ಕನ್ನಡ ಕೇಳಿಸುತ್ತದೆ, ಒಂದು ಹೆಸರಿದ್ದರೆ ಏನು ಎಂದುಕೊಂಡೆ. ಚಿತ್ರದುರ್ಗದ ತಾಯಿ ಬರೆದ ಹೂಜಿಯೇ ಸರಿ ಅನಿಸುತ್ತದೆ: ಹೂಜಿ ಸಾಸಿವೆ. ಮಗಳು ಫೋನಿನಲ್ಲಿ ಅದನ್ನು ಕೇಳಿ, "ಅವ್ವಾ, ಯಾವುದೋ ಗೊಜ್ಜಿನ ಹೆಸರಿದ್ದ ಹಾಗಿದೆ" ಅಂದಳು. ಇದಕ್ಕಿಂತ ಚೆನ್ನಾಗಿರುವುದು ಹೊಳೆದರೆ ಒಂದು ಕಾರ್ಡು ಹಾಕಿ.